ಏಡನ್‌ವರೆಗೆ ಮಾತ್ರ

೨೭ ಜುಲೈ ೧೯೩೫, ಶನಿವಾರ

ಇಂದು ವಾಚನಾಲಯದಲ್ಲಿ ಸುದ್ದಿ ಓದಿ ಮುಗಿಸುವ ಮೊದಲೇ ಪತ್ರಿಕೆಯನ್ನು ಮೇಜಿಗೆ ಬಡಿದೆ. ಎದುರಿಗೆ ಕೂತಿದ್ದ ಕಾಲೇಜಿನವರು ತಲೆಯೆತ್ತಿ ನೋಡಿ ಮತ್ತೆ ಕ್ರಿಕೆಟ್ ಪುಟಕ್ಕೆ ಹೋದರು.

ಲಂಡನ್ನಿನ ಸಭೆಯಲ್ಲಿ ಮಂತ್ರಿಗಳು ಹೇಳಿದ್ದು ಇಷ್ಟು: ಇಟಲಿಗೂ ಅಬಿಸೀನಿಯಾಕ್ಕೂ ಯುದ್ಧ ಹತ್ತುವ ಲಕ್ಷಣವಿದೆ, ಆದ್ದರಿಂದ ಇಬ್ಬರಿಗೂ ಶಸ್ತ್ರ ಸಾಗಿಸಲು ಪರವಾನಗಿ ಇಲ್ಲ. ಇಬ್ಬರಿಗೂ! ಕೇಳಲಿಕ್ಕೆ ಎಷ್ಟು ನ್ಯಾಯ! ಇಟಲಿಯಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆಗಳು ಹಗಲೂ ರಾತ್ರಿ ನಡೆಯುತ್ತಿವೆ. ಅಬಿಸೀನಿಯಾದಲ್ಲಿ ಇರುವುದು ಈಟಿ, ಮತ್ತು ಅಜ್ಜಂದಿರ ಕಾಲದ ಬಂದೂಕು. ಇದ್ದವನಿಗೆ ಕೊಡದಿದ್ದರೆ ಅವನಿಗೇನು ನಷ್ಟ?

ನನಗೆ ಅರವತ್ತೊಂದಾಗಿರಬಹುದು, ನೆನಪು ಮೊಂಡಾಗಿಲ್ಲ. ನಾನು ನಾಲ್ಕು ವರ್ಷದವನಿದ್ದಾಗ ಲೈಸೆನ್ಸ್ ಇಲ್ಲವೆಂದು ಅಜ್ಜನ ಕತ್ತಿಯನ್ನು ಸಿಂದಗಿಯ ಕಚೇರಿಗೆ ಒಯ್ದರು. ಗೋಡೆಯ ಮೇಲೆ ಆ ಕತ್ತಿ ತೂಗುತ್ತಿದ್ದ ಜಾಗದ ಗುರುತು ನಾನು ಊರು ಬಿಡುವವರೆಗೂ ಇತ್ತು. ಪ್ಲೇಗಿನ ವರ್ಷ ಇದೇ ಪುಣೆಯಲ್ಲಿ ಬಂದೂಕು ಹಿಡಿದ ಗೋರಾ ಸೋಜರರು ರೋಗಿಗಳನ್ನು ಹುಡುಕುತ್ತ ನಮ್ಮ ಅಡಿಗೆಮನೆ ಹೊಕ್ಕಾಗ ನಮ್ಮ ಕೈಯಲ್ಲಿದ್ದದ್ದು ಸೌಟು. ಶಸ್ತ್ರ ಯಾರಿಗೆ ಬೇಡ ಎನ್ನುತ್ತಾರೆ, ಯಾಕೆ ಬೇಡ ಎನ್ನುತ್ತಾರೆ ಎಂಬುದು ನನಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ಸಂಪಾದಕರಿಗೆ ಪತ್ರ ಬರೆದೆ. ಒಂದು ಸಾಲು ನನಗೇ ಮೆಚ್ಚುಗೆಯಾಯಿತು: “ಕೊಡಲಿ ಹಿಡಿದವನಿಗೂ ಬರಿಗೈಯವನಿಗೂ ಇನ್ನು ಮೇಲೆ ಕೊಡಲಿ ಮಾರುವುದಿಲ್ಲ ಎನ್ನುವವನು ಮಧ್ಯಸ್ಥನಲ್ಲ, ಕೊಡಲಿ ಹಿಡಿದವನ ಗೆಳೆಯ.”

ಪ್ರಲ್ಹಾದರಾಯರಿಗೆ ಓದಿ ತೋರಿಸಿದೆ. ಬಾಗಲಕೋಟೆಯವರು, ಇಲ್ಲಿಯ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹದಿನೈದು ವರ್ಷದಿಂದ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಪತ್ರಿಕೆ ಓದುತ್ತೇವೆ.

“ಏನ್ರೀ ಸಿದ್ದಲಿಂಗಪ್ಪ, ಅಬಿಸೀನಿಯಾದ ವಕೀಲಿಕಿ ಯಾವಾಗ ಹಿಡದ್ರಿ?” ಎಂದರು.

“ಇವತ್ತ ಹಿಡದೆ.”

“ಹಂಗಾರ ಇನ್ನ ಮ್ಯಾಲ ನಿಮಗ ವಕೀಲ್ರ ಅಂತನ ಕರೀತೀನಿ. ಆದ್ರ ಒಂದ ಮಾತು, ವಕೀಲ್ರ. ಕಕ್ಷಿದಾರಗ ನಿಮ್ಮ ವಿಳಾಸ ಗೊತ್ತದನೋ?”

ಮನೆಗೆ ಬಂದಾಗ ಅಳಿಯ ಶಿವಪ್ಪ ಜಗಲಿಯ ಮೇಲೆ ಅದೇ ಜಾಗದಲ್ಲಿ ಕೂತಿದ್ದ. ಗಿರಣಿಯ ಕಚೇರಿಯಿಂದ ಅವನನ್ನು ತೆಗೆದು ಹನ್ನೊಂದು ತಿಂಗಳು. ನನ್ನನ್ನು ಕಂಡೊಡನೆ ಎದ್ದು ನಿಂತ. ಹಾಗೆ ಏಳಬೇಡವೆಂದು ಎಷ್ಟು ಸಲ ಹೇಳಿದ್ದೇನೆ.

೫ ಅಕ್ಟೋಬರ್, ಶನಿವಾರ

ಶುರುವಾಯಿತು. ಅಡೋವಾ ಊರಿನ ಮೇಲೆ ವಿಮಾನದಿಂದ ಬಾಂಬು. ನಲವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಇಟಲಿಯವರು ಸೋತು ಓಡಿದ್ದರು. ಆ ಸೇಡನ್ನು ಈಗ ಮೊಮ್ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

ನನ್ನ ಪತ್ರವನ್ನು ಎರಡು ತಿಂಗಳ ಮೇಲೆ, ಅರ್ಧಕ್ಕೆ ಕತ್ತರಿಸಿ, ಪಾದರಕ್ಷೆಯ ಜಾಹೀರಾತಿನ ಕೆಳಗೆ ಅಚ್ಚು ಹಾಕಿದ್ದರು. ಕೊಡಲಿಯ ಸಾಲು ಮಾತ್ರ ಉಳಿದಿತ್ತು. ಇನ್ನೊಂದು ಬರೆಯುತ್ತೇನೆ.

೧೯ ನವೆಂಬರ್, ಮಂಗಳವಾರ

ನಿನ್ನೆಯಿಂದ ಇಟಲಿಗೆ ನಿರ್ಬಂಧ. ಐವತ್ತು ರಾಷ್ಟ್ರಗಳು ಒಪ್ಪಿವೆ, ನಮ್ಮ ಸರ್ಕಾರವೂ ಸೇರಿ. ಏನೇನು ಕಳಿಸಕೂಡದು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವಷ್ಟು ಸಲ ಓದಿದೆ. ರಬ್ಬರ್, ತವರ, ಹಳೆಯ ಕಬ್ಬಿಣ. ಎಲ್ಲಕ್ಕಿಂತ ಮೊದಲು ಕುದುರೆ, ಹೇಸರಗತ್ತೆ, ಕತ್ತೆ, ಒಂಟೆ.

ಪ್ರಲ್ಹಾದರಾಯರು ನಕ್ಕರು; ನಮ್ಮ ಕಡೆ ಕತ್ತೆಗೂ ಕತ್ತಿ ಎಂದೇ ಅನ್ನುತ್ತಾರೆ. “ಕತ್ತಿ ಸೈತ ಶಸ್ತ್ರ ಆತೇನ್ರಿ ವಕೀಲ್ರ?”

ಅವರಿಗೇನು ಗೊತ್ತು? ದಂಡಿನ ಕ್ಯಾಂಪಿನ ಸಾರಿಗೆ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದವನು ನಾನು. ತೋಪು ಗುಡ್ಡ ಹತ್ತುವುದು ತನ್ನ ಕಾಲಿನಿಂದಲ್ಲ, ಕತ್ತೆಯ ಕಾಲಿನಿಂದ. ಹಿಂದಿನ ಮಹಾಯುದ್ಧದಲ್ಲಿ, ಹದಿನಾರನೆಯ ಇಸವಿಯಲ್ಲಿ, ಬಸ್ರಾಕ್ಕೆ ನಾವು ಎಷ್ಟು ಪ್ರಾಣಿ ಕಳಿಸಿದೆವೆಂಬುದಕ್ಕೆ ನನ್ನ ಕೈಬರಹದ ಪುಸ್ತಕಗಳೇ ಸಾಕ್ಷಿ. ಆರಿಸುವಾಗ ಪ್ರಾಣಿಯ ಬೆನ್ನ ಹಿಂದೆ ಖಾಲಿ ತೋಟಾ ಮೂರು ಸಲ ಹಾರಿಸುತ್ತಿದ್ದೆವು. ಕಿವಿ ಮಾತ್ರ ಅಲುಗಿಸಿ ನಿಂತದ್ದು ಪಾಸು, ಹಾರಿದ್ದು ನಪಾಸು. ಆ ನಿಯಮ ಬರೆದವನೂ ನಾನೇ. ಪಾಸಾದ ಒಂದೂ ತಿರುಗಿ ಬರಲಿಲ್ಲ.

ಅವುಗಳ ಜೊತೆ ಹೋದವರೂ ಬರಲಿಲ್ಲ. ಧನಕವಡಿಯ ವಡ್ಡರ ಮಲಕಪ್ಪ ಹೋಗಿದ್ದ. ಅವನು ಸತ್ತ ಕಾಗದವನ್ನು ಅವನ ಹೆಂಡತಿ ಕಲ್ಲವ್ವನಿಗೆ ಓದಿ ಹೇಳಿದವನು ನಾನು. ಅವಳು ಅಳಲಿಲ್ಲ. “ಕತ್ತಿಗೋಳು ಏನಾದವ್ರಿ ಅಪ್ಪಾರ?” ಎಂದು ಕೇಳಿದ್ದಳು. ಇಪ್ಪತ್ತು ವರ್ಷವಾಯಿತು, ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ.

ಆದ್ದರಿಂದ ಈ ಪಟ್ಟಿ ಮಾಡಿದವನು ಯಾರೋ ಯುದ್ಧವನ್ನು ಬಲ್ಲವನು. ಆದರೆ ಪಟ್ಟಿ ಮಾಡಿದರೆ ಸಾಲದು. ಮಾಲು ಎಲ್ಲಿಗೆ ಹೋಗುತ್ತದೆ ಎಂದು ಕೊನೆಯ ದಂಡೆಯವರೆಗೆ ಕೇಳಬೇಕು. ಕೇಳಬೇಕಾದದ್ದನ್ನು ಕೇಳದೆ ಇರುವುದೂ ಸುಳ್ಳೇ. ಈ ಮಾತನ್ನು ಇಂದಿನ ಪತ್ರದಲ್ಲಿ ಅಡಿಗೆರೆ ಎಳೆದು ಬರೆದಿದ್ದೇನೆ.

ಮಗಳು ಪಾರವ್ವನಿಗೆ ನಾಲ್ಕನೆಯ ತಿಂಗಳು. ಹಿಂದಿನ ಎರಡು ಸಲ ನಿಲ್ಲಲಿಲ್ಲ. ನನ್ನ ಹೆಂಡತಿ ರುದ್ರವ್ವ ಮಗಳ ಹೆಸರಿನಲ್ಲಿ ಜೇಜುರಿಯ ಖಂಡೋಬನಿಗೆ, ನಮ್ಮ ಕಡೆಯ ಮೈಲಾರಪ್ಪನಿಗೆ, ಹರಕೆ ಹೊತ್ತಿದ್ದಾಳೆ.

೧೫ ಡಿಸೆಂಬರ್, ರವಿವಾರ

ಶಿವಪ್ಪನಿಗೆ ಕೆಲಸ ಸಿಕ್ಕಿತು. ಕ್ಯಾಂಪಿನ ಒಬ್ಬ ಗುತ್ತೇದಾರ ಶೇಠನ ಹತ್ತಿರ. ಬೆಳಿಗ್ಗೆ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದು ಕಾಲಿಗೆ ಬಿದ್ದ. ಅತ್ತೆಯ ಕಾಲಿಗೂ ಬಿದ್ದ. ಪಾರವ್ವ ಅಡಿಗೆಮನೆಯ ಬಾಗಿಲಿಗೆ ಒರಗಿ ನಗುತ್ತಿದ್ದಳು. ಅವಳ ನಗು ನೋಡಿ ವರ್ಷವಾಗಿತ್ತು.

“ಏನ ಕೆಲಸ?” ಎಂದು ಊಟಕ್ಕೆ ಕೂತಾಗ ಕೇಳಿದೆ.

“ಕತ್ತಿ ಖರೀದಿ ಮಾಡೂದ್ರಿ ಮಾವಾರ. ಏಡನ್ನಿಗೆ ಕಳಸ್ತಾರ. ಅಲ್ಲಿ ಉಪ್ಪಿನಾಗರ ಅದಾವಲ್ರಿ, ಉಪ್ಪು ಹೊರಾಕ.”

ನಾನು ಊಟದ ತಾಟು ಸರಿಸಿದೆ. “ಕತ್ತಿ ಹೊರಗ ಕಳಸೂದು ಈಗ ಕಾಯ್ದೆಕ್ಕ ಒಪ್ಪೂದಿಲ್ಲ.”

“ಇಟಲಿಗೆ ಒಪ್ಪೂದಿಲ್ರಿ. ಏಡನ್ ನಮ್ಮ ಸರ್ಕಾರದ ಊರಲ್ಲೇನ್ರಿ? ಶೇಠ್ ಹೇಳ್ತಾರ, ಅದು ರಫ್ತ ಅಲ್ಲಂತ. ಪುಣೇದಿಂದ ಬಾರಾಮತಿಗೆ ಕಳಿಸಿಧಂಗ.”

ಶೇಠನ ಮಾತು ಕಾಯ್ದೆಯ ಮಟ್ಟಿಗೆ ನಿಜ. ಏಡನ್ ಹಿಂದುಸ್ತಾನ ಸರ್ಕಾರದ ಆಡಳಿತದಲ್ಲೇ ಇದೆ. ಆದರೆ ಏಡನ್ನಿನಿಂದ ಆಚೆಯ ದಂಡೆಗೆ ದೋಣಿಯಲ್ಲಿ ಒಂದೆರಡು ದಿನದ ಹಾದಿ, ಮತ್ತು ಆಚೆಯ ದಂಡೆ ಇಟಲಿಯದು. ಯಾವ ಉಪ್ಪಿನಾಗರ, ಮಾಲೀಕ ಯಾರು ಎಂದು ಕೇಳಿದೆ. ಶಿವಪ್ಪ ತಾಟಿನಲ್ಲಿ ಬೆರಳಿಂದ ಗೆರೆ ಎಳೆದ. ರುದ್ರವ್ವ ನನ್ನ ರೊಟ್ಟಿಯ ಮೇಲೆ ಇನ್ನೊಂದು ರೊಟ್ಟಿ ಹಾಕಿ, “ಮೊದಲ ಉಣ್ರಿ, ಆಮ್ಯಾಲ ಭೂಗೋಳ” ಎಂದಳು.

ನಾಳೆ ವಿಚಾರಿಸುತ್ತೇನೆ.

೨೯ ಡಿಸೆಂಬರ್, ರವಿವಾರ

ಈ ಎರಡು ವಾರ ವಿಚಾರಿಸಲು ಆಗಲಿಲ್ಲ, ಕೆಮ್ಮು.

ಶೇಠನಿಗೆ ಕಾಠೇವಾಡದ ದೊಡ್ಡ ಕತ್ತೆಗಳು ಬೇಡವಂತೆ, ವಡ್ಡರ ಕತ್ತೆಗಳೇ ಬೇಕಂತೆ. ಎತ್ತರ ಕಡಿಮೆ, ಆದರೆ ಕಾತ್ರಜದ ಕಲ್ಲುಗಣಿಗಳಲ್ಲಿ ಪಳಗಿದವು. ಪೌಷ ಹುಣ್ಣಿಮೆಗೆ ಜೇಜುರಿಯಲ್ಲಿ ಕತ್ತೆಗಳ ಸಂತೆ ಕೂಡುತ್ತದೆ, ಅಲ್ಲಿ ಅರವತ್ತು ಪ್ರಾಣಿ ಕೊಡಿಸಿದರೆ ಶಿವಪ್ಪನ ನೌಕರಿ ಕಾಯಂ. ಇಲ್ಲವಾದರೆ ಹುಣ್ಣಿಮೆಯ ಮರುದಿನ ಟೊಪ್ಪಿಗೆ ತೆಗೆದಿಡಬೇಕು.

ವಡ್ಡರು ಕಲ್ಲವ್ವನ ಮಾತು ಮೀರುವುದಿಲ್ಲ. ಅವಳು ಮಾರಿದರೆ ಎಲ್ಲರೂ ಮಾರುತ್ತಾರೆ. ಮರಳು, ಕಲ್ಲು ಹೊರಲು ಮೋಟಾರು ಲಾರಿಗಳು ಬಂದ ಮೇಲೆ ಅವರ ಪ್ರಾಣಿಗಳಿಗೆ ಕೆಲಸವಿಲ್ಲ, ಮಾರುವ ಮನಸ್ಸು ಇದೆ. ಆದರೆ ಶೇಠನ ಮನುಷ್ಯರಿಗೆ ಕಲ್ಲವ್ವ ಹೇಳಿ ಕಳಿಸಿದ್ದಾಳೆ: “ಲಡಾಯಿಗೆ ಅಲ್ಲ ಅಂತ ಅಪ್ಪಾರು ಬಂದು ಬೇಲಭಂಡಾರ ಎತ್ತಲಿ.”

ಬಿಲ್ವದ ಎಲೆಯ ಮೇಲೆ ಖಂಡೋಬನ ಭಂಡಾರ, ಎಂದರೆ ಅರಿಸಿನ, ಇಟ್ಟು ಅಂಗೈಯಲ್ಲಿ ಹಿಡಿದು ಮಾತು ಕೊಡುವುದು ಇಲ್ಲಿಯ ಪದ್ಧತಿ. ಆ ಎಲೆಯನ್ನು ಮಾತು ತೆಗೆದುಕೊಂಡವರು ಇಟ್ಟುಕೊಳ್ಳುತ್ತಾರೆ. ಮಾತು ನಡೆದ ಮೇಲೆ ಕೊಟ್ಟವನು ಬಿಡಿಸಿಕೊಂಡು ಹೊಳೆಗೆ ಬಿಡಬೇಕು. ಕಚೇರಿಯ ಯಾವ ಮುಚ್ಚಳಿಕೆಗೂ ಇಷ್ಟು ಭಯ ಇಲ್ಲ.

ಶಿವಪ್ಪ ನನ್ನನ್ನು ಕೇಳಲಿಲ್ಲ. ಕೇಳಿದವಳು ಪಾರವ್ವ. ನಾನು ಓದುತ್ತಿದ್ದಾಗ ಬಂದು ಕಾಲ ಬಳಿ ಕೂತಳು.

“ಅಪ್ಪಾ, ಅವರು ಜಗಲಿ ಮ್ಯಾಲ ಕೂತಾಗ ಓಣಿ ಮಂದಿ ಹೋಗ್ತ ಬರ್ತ ನೋಡ್ತಿದ್ರು. ಈ ಸಲ ಇದು ನಿಂತದ, ಮನಸಿನ್ಯಾಗ ಸಮಾಧಾನ ಇದ್ದದ್ದಕ್ಕ ನಿಂತದ. ಉಪ್ಪಿಗೆ ಅಲ್ಲ ಅಂತ ನಿಮಗೇನು ಗ್ಯಾರಂಟಿ ಅದ?”

ಉಪ್ಪಿಗೇ ಎಂಬುದಕ್ಕೂ ಇಲ್ಲ ಎಂದೆ. ಆದರೆ ಅವಳ ವಾದದಲ್ಲಿ ತರ್ಕವಿಲ್ಲ ಎನ್ನಲಾರೆ. ತಿಳಿಯದ ವಿಷಯದಲ್ಲಿ ಕೆಟ್ಟದ್ದನ್ನೇ ಊಹಿಸುವುದು ಕೂಡ ಒಂದು ಪೂರ್ವಗ್ರಹ.

೯ ಜನವರಿ ೧೯೩೬, ಗುರುವಾರ

ನಿನ್ನೆ ಜೇಜುರಿಗೆ ಹೋಗಿ ಬಂದೆ. ವಿವರವಾಗಿ ಬರೆದಿಡುವುದು ಒಳ್ಳೆಯದು.

ಗುಡ್ಡದ ಕೆಳಗಿನ ಬಯಲೆಲ್ಲ ಕತ್ತೆ. ಗಾಳಿಯಲ್ಲಿ ಲದ್ದಿಯ ಮತ್ತು ಅರಿಸಿನದ ವಾಸನೆ. ಮೇಲಿನ ದೇವಸ್ಥಾನದಿಂದ “ಏಳಕೋಟ್ ಏಳಕೋಟ್” ಎಂಬ ಭಕ್ತರ ಕೂಗು ಬಿದ್ದಾಗಲೆಲ್ಲ ಕೆಳಗಿನ ಕತ್ತೆಗಳೂ ಕೂಗುತ್ತಿದ್ದವು. ನಮ್ಮ ಕಡೆಯ ಯಾತ್ರಿಕರಿಗೆ ನಕ್ಕು ನಕ್ಕು ಸಾಕಾಗುತ್ತಿತ್ತು.

ಕಲ್ಲವ್ವನ ತಲೆ ಪೂರ್ತಿ ಬೆಳ್ಳಗಾಗಿದೆ. ಒಂಬತ್ತು ಕತ್ತೆಗಳನ್ನು ಸಾಲಾಗಿ ನಿಲ್ಲಿಸಿದ್ದಳು. ಎಲ್ಲದರ ಎಡಗಿವಿಯಲ್ಲೂ ಎರಡು ಸೀಳು, ಅದು ಅವಳ ಮನೆಯ ಗುರುತು. ಶೇಠನ ದಲಾಲ ಮುಂದಿನ ಕತ್ತೆಯ ಬಾಯಿ ಬಿಡಿಸಿ ಹಲ್ಲು ನೋಡುತ್ತಲೇ ಇದ್ದ.

“ಎಷ್ಟ ನೋಡ್ತೀಯೋ? ಮದವಿ ಮಾಡ್ಕೋತೀ ಏನ?” ಎಂದಳು. ಸುತ್ತಲಿನವರೆಲ್ಲ ನಕ್ಕರು, ದಲಾಲನೂ ನಕ್ಕ. “ಇಂವಾ ಪಾಟೀಲ. ಇಂವಾ ಮುಂದ ನಡದ್ರ ಉಳದವು ನಡೀತಾವ. ಇಂವಾ ನಿಂತ್ರ ದೇವರು ಬಂದ್ರೂ ಹೆಜ್ಜಿ ಕೀಳೂದಿಲ್ಲ. ಹಡಗದಾಗ ಪಾಟೀಲನ್ನ ಮುಂದ ಕಟ್ರಿ ಅಂತ ಹೇಳು.”

ಆಮೇಲೆ ದಲಾಲನ ಮನುಷ್ಯ ಪ್ರಾಣಿಗಳ ಹಿಂದೆ ಹೋಗಿ ದೊಡ್ಡ ಪಟಾಕಿ ಹಚ್ಚಿದ. ಮೂರು ಸಲ. ಬಯಲಿನ ಬೇರೆ ಕತ್ತೆಗಳೆಲ್ಲ ಹಗ್ಗ ಹರಿದುಕೊಂಡು ಓಡಿದವು. ಗಣಿಯಲ್ಲಿ ದಿನಾ ಬಂಡೆ ಒಡೆಯುವ ಸುರುಂಗ ಹಾರುವುದನ್ನು ಕೇಳಿ ಬೆಳೆದ ಇವು ಕಿವಿ ಮಾತ್ರ ಅಲುಗಿಸಿ ನಿಂತವು. ದಲಾಲ ಎಲ್ಲದರ ಬೆನ್ನಿಗೂ ಸುಣ್ಣದ ಗುರುತು ಹಾಕಿದ.

ಬಂದರಿನಲ್ಲಿ ಹಡಗಿನ ಸಿಳ್ಳು ಭಾರೀ ಸದ್ದು ಮಾಡುತ್ತದೆ. ಅದಕ್ಕೆ ಬೆದರಬಾರದಲ್ಲ, ಅದಕ್ಕಾಗಿ ಇರಬೇಕು.

ಕಲ್ಲವ್ವ ನನ್ನ ಮುಂದೆ ಬಂದು ನಿಂತಳು. ಬಿಲ್ವದ ಎಲೆ ಅವಳೇ ತಂದಿದ್ದಳು. “ಅಪ್ಪಾರ, ನಮ್ಮ ಮನ್ಯಾಂವ ಲಡಾಯಿಗೆ ಹೋಗಿ ಬರಲಿಲ್ಲ. ಮೂಕ ಪ್ರಾಣಿನೂ ಅದ ದಾರಿಗೆ ಅಟ್ಟಿದ್ರ ನಾ ಎಲ್ಲಿ ಮಾರಿ ತೋರಿಸ್ಲಿ? ನೀವು ಓದಿದವ್ರು. ಲಡಾಯಿಗೆ ಅಲ್ಲಲ್ರಿ?”

“ಉಪ್ಪು ಹೊರಾಕ” ಎಂದೆ.

“ಎತ್ತಿ ಹೇಳ್ರಿ.”

ಶಿವಪ್ಪ ದೂರದಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಎಲೆ ಎತ್ತಿ ಹೇಳಿದೆ. ಕಲ್ಲವ್ವ ಎಲೆಯನ್ನು ಅರಿಸಿನದ ಸಮೇತ ತೆಗೆದುಕೊಂಡು ಸೀರೆಯ ಸೆರಗಿಗೆ ಗಂಟು ಹಾಕಿದಳು. ಒಂದೊಂದೇ ಕತ್ತೆಯ ಕೊರಳಿನ ಹಗ್ಗ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡಳು. ಪ್ರಾಣಿ ಮಾರಿದರೂ ಹಗ್ಗ ಮಾರುವುದಿಲ್ಲ. ಪಾಟೀಲನ ಹಗ್ಗ ಬಿಚ್ಚುವಾಗ ಅದರ ಕಿವಿಯಲ್ಲಿ ಏನೋ ಹೇಳಿದಳು. ಹೊತ್ತು ಇಳಿಯುವುದರೊಳಗೆ ಅರವತ್ತೆರಡು ಆದವು. ರಾತ್ರಿ ಗ್ರಹಣವೆಂದು ಸಂತೆ ಬೇಗ ಮುರಿಯಿತು.

ನನ್ನ ಕೋಟಿನ ತೋಳಿಗೆ ಅರಿಸಿನ ಹತ್ತಿದೆ.

೨೨ ಜನವರಿ, ಬುಧವಾರ

ಇಂಗ್ಲೆಂಡಿನಲ್ಲಿ ಚಕ್ರವರ್ತಿಗಳು ತೀರಿಕೊಂಡರೆಂದು ನಿನ್ನೆಯಿಂದ ಊರೆಲ್ಲ ಬಂದ್. ವಾಚನಾಲಯವೂ ಬಂದ್.

ಬಂದರಿನ ಕಚೇರಿಯವರು ಒಂದು ಕಾಗದ ಕೇಳಿದ್ದಾರಂತೆ. ಪ್ರಾಣಿಗಳು ಏಡನ್ನಿನಲ್ಲೇ ಉಳಿಯುತ್ತವೆ, ಸೈನ್ಯದ ಕೆಲಸಕ್ಕೆ ಅಲ್ಲ ಎಂದು ಪ್ರಾಣಿ ವ್ಯವಹಾರ ಬಲ್ಲ ಪ್ರತಿಷ್ಠಿತರೊಬ್ಬರು ಬರೆದುಕೊಡಬೇಕು. ಶೇಠ್ ಬರೆಸಿದ ಕರಡನ್ನು ಶಿವಪ್ಪ ತಂದ. ಎಂಥ ಇಂಗ್ಲಿಷು! ಕ್ರಿಯಾಪದವೇ ಇಲ್ಲದ ವಾಕ್ಯಗಳು. ತಿದ್ದಲು ಕೂತವನು ಪೂರ್ತಿ ಹೊಸದಾಗಿ ಬರೆದೆ. ಬಹಳ ದಿನಗಳ ಮೇಲೆ ಲೇಖನಿ ಹಳೆಯ ಹದಕ್ಕೆ ಬಂತು. “ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ” ಎಂದು ಆರಂಭಿಸಿದೆ. ಈ ಮಾತು ಮೂವತ್ತು ವರ್ಷ ನನ್ನನ್ನು ಕಾಪಾಡಿದೆ. ತಿಳಿದಷ್ಟಕ್ಕೆ ಮನುಷ್ಯ ಹೊಣೆ, ತಿಳಿಯದ್ದಕ್ಕೆ ಅಲ್ಲ.

ಸಹಿಯ ಕೆಳಗೆ ನನ್ನ ಹಳೆಯ ಹುದ್ದೆಯನ್ನೂ ಬರೆದೆ. ಶಿವಪ್ಪ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

೪ ಫೆಬ್ರವರಿ, ಮಂಗಳವಾರ

ಹಡಗು ಹೋಯಿತಂತೆ. ರುದ್ರವ್ವ ಕೋಟು ಒಗೆದಳು. ಹಳದಿ ಕಲೆಗೆ ಸಾಬೂನು ತಾಗಿದ್ದೇ ಕೆಂಪಗಾಯಿತು. “ಅರಿಸಿನಕ್ಕ ಸಾಬೂನು ಹಚ್ಚಿದ್ರ ಹಂಗ ಆಗ್ತದ್ರಿ, ಹೌಹಾರಬ್ಯಾಡ್ರಿ” ಎಂದಳು. ನಾನೇನೂ ಹೌಹಾರಿರಲಿಲ್ಲ.

೨ ಮಾರ್ಚ್, ಸೋಮವಾರ

ಅಬಿಸೀನಿಯಾದಲ್ಲಿ ವಿಷದ ಹನಿ ಸುರಿಸುತ್ತಿದ್ದಾರೆ ಎಂದು ಸುದ್ದಿ. ಬರಿಗಾಲಿನವರ ಪಾದ ಬೊಬ್ಬೆಯೇಳುತ್ತದೆಯಂತೆ. ಪ್ರಲ್ಹಾದರಾಯರು ಗಟ್ಟಿಯಾಗಿ ಓದಿದರು. ಓದಿ ನನ್ನ ಕಡೆ ನೋಡಿದರು.

“ಯಾಕ್ರಿ ವಕೀಲ್ರ, ಡಿಸೆಂಬರದಿಂದ ನಿಮ್ಮ ಒಂದೂ ಪತ್ರ ಕಾಣವಲ್ದು? ಕಕ್ಷಿದಾರ ಫೀ ಕೊಡಲಿಲ್ಲೇನು?”

“ಕಣ್ಣಿಗೆ ತ್ರಾಸ ಅದ. ಬರಿಯವ್ರು ಬ್ಯಾರೆ ಅದಾರ.”

ಊಟದ ಹೊತ್ತಿಗೆ ಶಿವಪ್ಪ ಮಾತಿಗೆ ಮಾತು ಬಂದು ಹೇಳಿದ, “ನಮ್ಮ ಪ್ರಾಣಿ ಏಡನ್ನಿನಾಗ ಒಂದ ದಿನಾನೂ ನಿಲ್ಲಲಿಲ್ಲಂತ್ರಿ ಮಾವಾರ.” ಮತ್ತೇನೋ ಹೇಳಲು ಬಾಯಿ ತೆರೆದ. ನಾನು ಪಾರವ್ವನಿಗೆ ಮಜ್ಜಿಗೆ ಬಡಿಸು ಎಂದೆ.

ಹುಡುಗನಿಗೆ ಊಟದ ಹೊತ್ತಿನಲ್ಲಿ ಕೆಲಸದ ಮಾತು ತೆಗೆಯುವ ಅಭ್ಯಾಸ. ಬಿಡಿಸಬೇಕು.

೨೬ ಏಪ್ರಿಲ್, ರವಿವಾರ

ಬೆಳಿಗ್ಗೆ ಆರೂವರೆಗೆ ಪಾರವ್ವನಿಗೆ ಗಂಡುಮಗು. ಇಬ್ಬರೂ ಕ್ಷೇಮ. ರವಿವಾರ, ಖಂಡೋಬನ ವಾರ ಎಂದು ರುದ್ರವ್ವನ ಕಣ್ಣಲ್ಲಿ ನೀರು. ಮೈಲಾರಪ್ಪ ಎಂದು ಹೆಸರಿಡುತ್ತಾರೆ. ನಾನು ಎತ್ತಿಕೊಂಡೆ. ಕೂಸು ನನ್ನ ಬೆರಳನ್ನು ಹಿಡಿದ ಬಿಗಿ ನೋಡಿ ಆಶ್ಚರ್ಯವಾಯಿತು. ಇಂಥ ದಿನ ಪತ್ರಿಕೆ ಯಾರಿಗೆ ಬೇಕು?

೭ ಮೇ, ಗುರುವಾರ

ಅಬಿಸೀನಿಯಾದ ರಾಜಧಾನಿ ಬಿದ್ದಿತು. ಅವರ ಚಕ್ರವರ್ತಿ ದೇಶ ಬಿಟ್ಟರು.

ಚಿತ್ರಗಳ ವಾರಪತ್ರಿಕೆಯಲ್ಲಿ ಒಂದು ಪುಟ. ಕಡಿದಾದ ಗುಡ್ಡದ ದಾರಿ, ಬೆನ್ನ ಮೇಲೆ ಪೆಟ್ಟಿಗೆ ಹೊತ್ತ ಕತ್ತೆಗಳ ಸಾಲು, ಅಕ್ಕಪಕ್ಕ ಸೈನಿಕರು. ವಾಚನಾಲಯದ ಭೂತಗನ್ನಡಿ ಕೇಳಿ ತೆಗೆದುಕೊಂಡೆ. ಅಚ್ಚು ಬಹಳ ಕೆಟ್ಟದ್ದು. ಕಿವಿಗಳು ಕಾಣುವುದಿಲ್ಲ. ಹತ್ತಿರ ಹಿಡಿದಷ್ಟೂ ಬರೀ ಚುಕ್ಕೆಗಳು.

ಪ್ರಲ್ಹಾದರಾಯರು “ಏನ ಹುಡಕ್ಲಿಕ್ಕತ್ತೀರಿ?” ಎಂದರು. ಅಚ್ಚಿನ ಗುಣ ನೋಡುತ್ತಿದ್ದೇನೆ ಎಂದೆ.

೧೯ ಜೂನ್, ಶುಕ್ರವಾರ

ಕಲ್ಲವ್ವ ಬಂದಿದ್ದಳು. ಧನಕವಡಿಯಿಂದ ಮಳೆಯಲ್ಲಿ ನಡೆದುಕೊಂಡು ಬಂದು ಜಗಲಿಯ ಕೆಳಗೆ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಪಾರವ್ವ ಕೂಸನ್ನು ತೋರಿಸಿದಳು. ಕಲ್ಲವ್ವ ನೆಟಿಗೆ ಮುರಿದು, “ಅಜ್ಜನ ಮೂಗು ಬಂದದವ್ವಾ, ತಪ್ಪಿಸ್ಕೊಳಾಕ ಆಗೂದಿಲ್ಲ” ಎಂದು ನಗಿಸಿದಳು. ಪಾರವ್ವ ಒಳಗೆ ಹೋದ ಮೇಲೆ ಸೆರಗಿನ ಗಂಟು ಬಿಚ್ಚಿದಳು.

ಎಲೆ ಒಣಗಿ ಕಂದುಬಣ್ಣಕ್ಕೆ ತಿರುಗಿದೆ. ಅರಿಸಿನ ಮಾತ್ರ ಹಾಗೇ ಇದೆ.

“ಐದು ತಿಂಗಳ ಮ್ಯಾಲ ಆತ್ರಿ ಅಪ್ಪಾರ. ಬಿಡಿಸ್ಕೊಳಾಕ ನೀವು ಬರಲಿಲ್ಲ, ವಯಸ್ಸಾದವ್ರು, ನಾನ ಹೋಗೂಣು ಅಂತ ಬಂದೆ.”

ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

“ಮುಂಬೈ ಬಂದರದಾಗ ದುಡಿಯೂ ನಮ್ಮ ತಮ್ಮನ ಮಗ ಬಂದಿದ್ದ. ಹಡಗದ ಖಲಾಶಿ ಮಂದಿ ಅಂವಗ ಹೇಳಿದ್ರಂತ. ಏಡನ್ನಿನಾಗ ಇಳಿಸಿದವ್ರು ಹಂಗ ದೋಣಿಗೆ ಹತ್ತಿಸಿ ಆಚೀ ದಂಡಿಗೆ ಒಯ್ದ್ರು ಅಂತ. ಮುಂದ ನಡಿಯೂ ಕತ್ತಿ ದೋಣಿ ಹತ್ತವಲ್ದಂತ. ಹೊಡದ್ರಂತ. ಅದು ಪಾಟೀಲನ ಇರಬೇಕ್ರಿ.” ಮುಖದ ಮೇಲಿನ ಮಳೆನೀರು ಒರೆಸಿಕೊಂಡಳು. “ಖಲಾಶಿ ಮಾತು ಏನ ನಂಬೂದು, ಕುಡದು ಮಾತಾಡ್ತಾರ. ನೀವು ಹೇಳ್ರಿ. ಉಪ್ಪು ಹೊತ್ತಾವೇನ್ರಿ?”

ಹೌದು ಎಂದಿದ್ದರೆ ಎಲೆ ಕೊಟ್ಟು ಹೋಗುತ್ತಿದ್ದಳು. ಇಲ್ಲ ಎಂದಿದ್ದರೆ ಏನು ಮಾಡುತ್ತಿದ್ದಳೋ ತಿಳಿಯದು. ಒಳಗೆ ಶಿವಪ್ಪ ಕೂಸಿಗೆ ಲಾಲಿ ಹಾಡುತ್ತಿದ್ದ, ಬೇಕಂತಲೇ ಅಪಸ್ವರದಲ್ಲಿ, ಪಾರವ್ವ ನಗುತ್ತಿದ್ದಳು.

“ಏಡನ್ ತನಕ ಹೋಗ್ಯಾವ, ಕಲ್ಲವ್ವ. ಅದರಾಚೆ ನನಗ ಗೊತ್ತಿಲ್ಲ” ಎಂದೆ. ಇದು ಅಕ್ಷರಶಃ ನಿಜ. ಹುಡುಕಿದರೂ ಇದರಲ್ಲಿ ಸುಳ್ಳು ಸಿಗುವುದಿಲ್ಲ.

“ನಿಮಗ ಗೊತ್ತಿಲ್ಲಂದ್ರ ಗೊತ್ತಿದ್ದವ್ರು ಯಾರಂತ ಹೇಳ್ರಿ, ಅವರನ್ನ ಕೇಳ್ತೀನಿ.”

ನಾನು ಕನ್ನಡಕ ಒರೆಸಿದೆ. ಸೂರಿನಿಂದ ನೀರು ಅವಳ ತಲೆಯ ಮೇಲೆ ಬೀಳುತ್ತಿತ್ತು.

“ಹಂಗಾರ ಇದು ನನ್ನ ಹತ್ರನ ಇರಲಿ” ಎಂದು ಎಲೆಯನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು. ಸಿಟ್ಟು ಮಾಡಲಿಲ್ಲ. ಹೋಗುವಾಗ ಯಾವಾಗಿನಂತೆ ಕೈ ಮುಗಿದಳು. ನೆಲದ ಕಡೆ ನೋಡಿ ಮುಗಿದಳು, ನನ್ನ ಕಡೆ ನೋಡಲಿಲ್ಲ.

ಕೊಡೆ ಕೊಡಬೇಕಾಗಿತ್ತು. ಆಮೇಲೆ ಹೊಳೆಯಿತು.

೧೬ ಜುಲೈ, ಗುರುವಾರ

ಇಟಲಿಯ ಮೇಲಿನ ನಿರ್ಬಂಧ ನಿನ್ನೆಯಿಂದ ರದ್ದು. ಇನ್ನು ಉಪಯೋಗವಿಲ್ಲವೆಂದು ಕಾರಣ ಕೊಟ್ಟಿದ್ದಾರೆ. ಉಪಯೋಗವಿಲ್ಲದ್ದನ್ನು ಯಾಕೆ ಇಟ್ಟುಕೊಳ್ಳಬೇಕು?

ಶಿವಪ್ಪನ ನೌಕರಿ ಕಾಯಂ ಆದ ಕಾಗದ ಬಂತು. ಪೇಢೆ ಹಂಚಿದರು.

೨೩ ಆಗಸ್ಟ್, ರವಿವಾರ

ನಿನ್ನೆ ವಾಚನಾಲಯದಲ್ಲಿ ಪ್ರಲ್ಹಾದರಾಯರು ನನಗಾಗಿಯೇ ಕಾದು ಕೂತಿದ್ದರು. ಸ್ಪೇನಿನಲ್ಲಿ ಜನ ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದಾರಲ್ಲ, ಅಲ್ಲಿಗೆ ಯಾವ ಪಕ್ಷಕ್ಕೂ ಶಸ್ತ್ರ ಕಳಿಸಕೂಡದೆಂದು ಲಂಡನ್ನಿನಲ್ಲಿ ನಿರ್ಧಾರವಾಗಿದೆ. ರಾಯರು ಆ ಸುದ್ದಿಯನ್ನು ನಾಟಕದ ಪಾತ್ರಧಾರಿಯಂತೆ ಓದಿ, “ಇಬ್ಬರಿಗೂ ಇಲ್ಲ!” ಎಂಬಲ್ಲಿ ಧ್ವನಿ ಏರಿಸಿ, ಪತ್ರಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

“ತಗೋರಿ ವಕೀಲ್ರ. ಮೇಜು ಖಾಲಿ ಅದ, ಬಡೀರಿ.”

“ಬಡಿಯೂದೇನದ ಅದರಾಗ? ಯಾರಿಗೂ ಕೊಡೂದಿಲ್ಲ ಅಂದ್ರ ಯಾರಿಗೂ ಅನ್ಯಾಯ ಇಲ್ಲ. ಮಾಲು ಎಲ್ಲೆಲ್ಲಿ ಹೋಗ್ತದಂತ ಸರ್ಕಾರ ದಿನಾ ಬೆನ್ನ ಹತ್ತಾಕ ಆಗ್ತದೇನು?”

ರಾಯರು ನನ್ನ ಕೈಯಿಂದ ಪತ್ರಿಕೆ ತೆಗೆದು ಬೆಂಚಿನ ಮೇಲೆ ಇಟ್ಟರು. ಆಮೇಲೆ ಮೆಲ್ಲಗೆ, “ಸಿದ್ದಲಿಂಗಪ್ಪ, ಆರಾಮ ಇದ್ದೀರಿಲ್ಲೋ?” ಎಂದರು. ವಕೀಲ್ರ ಎನ್ನಲಿಲ್ಲ. ಅವರಿಗೂ ವಯಸ್ಸಾಯಿತು, ತಮಾಷೆಯನ್ನು ಕೊನೆಯವರೆಗೆ ಎಳೆಯಲು ಆಗುವುದಿಲ್ಲ.

ಇಂದು ಬೆಳಗಿನ ರೈಲಿಗೆ ಎಲ್ಲರೂ ಹರಕೆ ತೀರಿಸಲು ಜೇಜುರಿಗೆ ಹೋದರು. ನನ್ನ ಮೊಣಕಾಲು ನೋವು ಈ ಸಲ ಹೆಚ್ಚು, ಅಷ್ಟು ಮೆಟ್ಟಿಲು ಹತ್ತಲಾಗುವುದಿಲ್ಲ. ರುದ್ರವ್ವ ಡೋಲಿ ಮಾಡೋಣ ಎಂದಳು, ಬೇಡ ಎಂದೆ. ಕೂಸಿಗೆ ಬಿಳಿ ಅಂಗಿ ತೊಡಿಸಿದ್ದರು. ದೇವರಿಗೆ ತೋರಿಸಿ ಹಣೆಗೆ, ಅಂಗಿಗೆ ಭಂಡಾರ ಹಚ್ಚಿ ಕರೆತರುವುದು ವಾಡಿಕೆ, ಮನೆಯಲ್ಲಿ ಉಳಿದವರಿಗೂ ಒಂದು ಪುಡಿಕೆ ತರುತ್ತಾರೆ.

ಟಾಂಗಾ ಹತ್ತುವಾಗ ರುದ್ರವ್ವನಿಗೆ ಹೇಳಿದೆ, “ಬರುವಾಗ ನನಗ ಭಂಡಾರ ತರಬ್ಯಾಡ. ಕೂಸಿನ ಅಂಗಿಗೂ ಹಚ್ಚಬ್ಯಾಡ್ರಿ.”

“ಅಯ್ಯ, ಯಾಕ್ರಿ?”

“ಕಲೆ ಹೋಗೂದಿಲ್ಲ” ಎಂದೆ.